ಪೊಟ್ಟಣವಾದ ಗಣಿತ

ತಪ್ಪು ನಂದೇ, ಮೊದಲೇ ಒಪ್ಪಿಕೊಂಡುಬಿಡ್ತೀನಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೇ ದಿನವೇ ನನ್ನ ಪಠ್ಯಪುಸ್ತಕಗಳನ್ನೆಲ್ಲ ತಿಪಟೂರಿನ ಕೊಬ್ಬರಿ ಮಂಡಿ ಎದುರಿನ ಪುರಿ ಅಂಗಡಿಗೆ ಕೊಟ್ಟು, ಬದಲಿಗೆ ಒಂದು ಚೀಲ ಕಡ್ಲೆಪುರಿ ತಂದು ಮುಕ್ಕಿದೆ.

ಆ ಪುಸ್ತಕಗಳು ಅಷ್ಟೊತ್ತಿಗೆ ನನ್ನವೇ ಆಗಿರಲಿಲ್ಲ. ನಮ್ಮ ಬೀದಿಯಲ್ಲಿ ಪಾಸಾದವರ ಪುಸ್ತಕ ಒಂದು ಕ್ಲಾಸು ಕೆಳಗಿನವರಿಗೆ ಹೋಗೋದು ವಾಡಿಕೆ. ನನ್ನವು ಎದುರುಮನೆ ಟೈಲರ್ ಸಾಹೇಬರ ಮಗಳಿಗೆ ಅಂತ ಯಾವತ್ತೋ ಮಾತಾಗಿತ್ತು. ಅವಳು ಬಂದು ಅಳತೆ ತಗೊಂಡು, ಅಂಗಿಬಟ್ಟೆಯ ಚೂರುಗಳಲ್ಲಿ ಅಷ್ಟೂ ಪುಸ್ತಕಕ್ಕೆ ಹೊದಿಕೆ ಹೊಲಿದಿಟ್ಟಿದ್ದಳು.

ಮತ್ಯಾಕೆ ಕೊಟ್ಟೆ? ಆ ವರ್ಷ ಬೆಂಗಳೂರಿಂದ ಒಬ್ಬರು ನಮ್ಮ ಸ್ಕೂಲಿಗೆ ಲ್ಯಾಪ್‌ಟಾಪ್ ತಂದು ತೋರಿಸಿದ್ದರು. "ಮಕ್ಕಳೇ, ಇನ್ಮುಂದೆ ಪುಸ್ತಕ ಹೊರೋದೇ ಬೇಡ. ಎಲ್ಲಾ ಪಾಠ ಇದರೊಳಗೆ!" ಅಂತ ಅವರು ಕತ್ತು ಕೊಂಕಿಸಿದ್ದು ನನಗೆ ಎಷ್ಟು ಹಿಡಿಸಿತೆಂದರೆ, ಎರಡು ತಿಂಗಳು ಊರೆಲ್ಲ ಅದೇ ನಕಲು ಮಾಡ್ಕೊಂಡು ತಿರುಗಿದೆ. ಆಡಿ ಆಡಿ ನಾನೇ ನಂಬಿಬಿಟ್ಟೆ. ಜೂನ್‌ಗೆ ಎಲ್ಲರ ಕೈಗೂ ಲ್ಯಾಪ್‌ಟಾಪ್ ಬರೋದು ಖಾತ್ರಿ!

ಹುಡುಗಿ ಹೊದಿಕೆ ಹಿಡಿದು ಬಂದಾಗಲೂ, ಪುಸ್ತಕ ಪುರಿ ಅಂಗಡಿ ಸೇರಿತು ಅಂದು, ಕತ್ತು ಕೊಂಕಿಸಿ ಅದೇ ಲ್ಯಾಪ್‌ಟಾಪ್ ಮಾತು ಹೇಳಿದೆ. ಅವಳು ನಗಲಿಲ್ಲ.

"ಯಾವಾಗ ಬತ್ತದೆ ಅಣ್ಣ ಅದು? ನಾನು ರಜದಲ್ಲೇ ಶುರು ಮಾಡ್ಬೇಕು. ಗಣಿತ ಹೋದ್ರೆ ಓದು ಬುಟ್ಟು ಅಬ್ಬಾ ಜೊತೆ ಮಿಷನ್ ತುಳಿಯೋದೇ."

ಪುರಿ ಅಂಗಡಿಗೆ ಓಡಿದೆ.

"ಈಗ ಬಂದ್ಯಾ? ಗಣಿತ ಅರ್ಧ ಖಾಲಿ ಕಣಪ್ಪ. ಒಳ್ಳೆ ಗಟ್ಟಿ ಕಾಗದ," ಅಂದರು ಅಂಗಡಿಯವರು, ಪೊಟ್ಟಣ ಸುತ್ತುತ್ತಾ.

ಉಳಿದವೆಲ್ಲ ಸಿಕ್ಕವು. ನನ್ನ ಕ್ಲಾಸಿನ ಗೆಳೆಯನೊಬ್ಬನ ಗಣಿತ ಪುಸ್ತಕ ಅವನ ತಂಗಿಗೆ ಮೀಸಲು, ಕೊಡುವಂತಿರಲಿಲ್ಲ. ಅವನ ಮನೆ ಜಗಲಿಯಲ್ಲೇ ಕೂತು, ಹೋದ ಪುಟಗಳನ್ನೆಲ್ಲ ಕೈಯಲ್ಲಿ ಬರೆದೆ. ವರ್ಷವಿಡೀ ತಲೆಗೆ ಹತ್ತದ ಪ್ರಮೇಯಗಳು ಆಗ ಹತ್ತಿದವು. ಪರೀಕ್ಷೆ ಮುಗಿದುಹೋಗಿತ್ತು, ಅಷ್ಟೇ.

ನಾನು ಬರೆದ ಹಾಳೆಗಳನ್ನು ಸಾಹೇಬರ ಮಗಳು ಉಳಿದರ್ಧಕ್ಕೆ ಸೇರಿಸಿ ಹೊಲಿದಳು. ಹೊದಿಕೆ ಸರಿಯಾಗಿ ಕೂತಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಆದ್ರೂ ನೋಡವ್ವ, ಮುಂದೆ ಲ್ಯಾಪ್‌ಟಾಪೇ," ಅಂತ ಮತ್ತೆ ಕತ್ತು ಕೊಂಕಿಸಿದೆ.

ಅವಳು ಹಲ್ಲಲ್ಲಿ ದಾರ ಕಡಿದು ಹೇಳಿದಳು:

"ಬೇಗ ಬರ್ಲಿ ಅಣ್ಣ. ಅದನ್ನಾದ್ರೆ ಪುರಿ ಅಂಗಡಿಯವ್ರು ಹರಿಯಕ್ಕಾಗಲ್ಲ."