ತೊಗಟೆ ಸುಲಿದ ಹುಣಸೆ

ಮಾರ್ಕಯನ್‌ಕೋಟ್ಟೈ ಊರಿನ ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೆಮರವಿತ್ತು. ಅದರ ನೆರಳಿಗೆ ಜೋಳ ಏಳುತ್ತಿರಲಿಲ್ಲ. ಮರದಲ್ಲಿ ಮುನಿ ಎಂಬ ಉಗ್ರದೇವರು ಇದ್ದಾನೆಂದು ಊರವರ ಮಾತು, ಹಾಗಾಗಿ ಕಡಿಯಲು ಚಿಕ್ಕಪ್ಪನಿಗೆ ಭಯ. ತಾನಾಗಿ ಒಣಗಲೆಂದು ಬುಡದ ಸುತ್ತ ಮೊಳದಗಲ ತೊಗಟೆ ಸುಲಿದುಬಿಟ್ಟ.

ಮರ ಒಣಗಲಿಲ್ಲ ನೋಡಿ. ಬೋಳು ಬುಡದ ಮೇಲೆ ಹಸುರಾಗಿಯೇ ನಿಂತು, ಎಂದೂ ಬಿಡದಷ್ಟು ಕಾಯಿ ಬಿಟ್ಟಿತು. ಗಾಯದ ಮೇಲಂಚು ತುಟಿಯಂತೆ ಊದಿಕೊಂಡಿತು. ಬಸುರಿ ಚಿಕ್ಕಮ್ಮ ಬಯಕೆಗೆ ಆ ಕಾಯಿಗಳನ್ನೇ ತಿನ್ನುತ್ತಿದ್ದಳು. ಮುನಿ ಮಗುವಿನ ಮೇಲೆ ಸೇಡು ತೀರಿಸಿಕೊಂಡಾನೆಂದು ಚಿಕ್ಕಪ್ಪನಿಗೆ ಹೆದರಿಕೆ ಹುಟ್ಟಿತು.

"ಸುಲಿದ ಮರ ಹೆಂಗವ್ವಾ ಕಾಯಿ ಬಿಡ್ತದೆ?" ಎಂದು ಅಜ್ಜಿಯನ್ನು ಕೇಳಿದ.

"ನೀರು ಒಳಗಿನ ಕಟ್ಟಿಗೇಲಿ ಮೇಲಕ್ಕೆ ಏರ್ತದೆ, ಅದನ್ನ ನೀ ಮುಟ್ಟಿಲ್ಲ. ಎಲೆ ಬೇಯಿಸಿದ ಕೂಳು ತೊಗಟೇಲಿ ಕೆಳಕ್ಕೆ ಇಳೀತದೆ, ಆ ದಾರಿ ಕಡಿದಿದೀಯ. ಮೇಲೆ ಕಾಯಿ ಉಂಡು ಕೊಬ್ಬಿದಾವೆ. ಕೆಳಗೆ ಬೇರು ಉಪವಾಸ ಸಾಯ್ತಾ ಇದೆ, ಕೊಂಬೆಗೆ ಇನ್ನೂ ಗೊತ್ತಿಲ್ಲ."

"ಹಂಗಾದ್ರೆ ಮುನಿ ಅಲ್ವಾ?"

"ಮುನಿಗೆ ಬೇರೆ ಕೆಲಸ ಇಲ್ವೇನೋ?"

ಚಿಕ್ಕಪ್ಪ ನಿರಾಳವಾಗಿ ನಕ್ಕ. ಪಕ್ಕದಲ್ಲೇ ಕೂತು ಕೇಳುತ್ತಿದ್ದ ಚಿಕ್ಕಮ್ಮ ನಗಲಿಲ್ಲ. "ಬೇರಿನ ಕೂಳು ನಾ ತಿಂದ್ನಲ್ಲ" ಎಂದು ಬಾಯಲ್ಲಿದ್ದ ಹುಣಸೆಯನ್ನು ಉಗಿದಳು. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ಹೊಲಕ್ಕೆ ನಡೆದು, ಮಡಿಲಲ್ಲಿದ್ದ ಕಾಯಿಗಳನ್ನೆಲ್ಲ ಆ ಬೇರುಗಳ ಮೇಲೆ ಸುರಿದು ಬಂದಳು.