ಪಿಳ್ಳಣ್ಣ ಮಾವ ಹಿಡಿದ ಕೈ

ಪಿಳ್ಳಣ್ಣ ಮಾವ ಮೊದಲು ಹೊಡೆಯುತ್ತಿದ್ದ, ಆಮೇಲೆ ಸಂಗತಿ ಏನು ಅಂತ ಕೇಳುತ್ತಿದ್ದ. ಸಮೇತನಹಳ್ಳಿಯಲ್ಲಿ ಅವನ ಕೈ ರುಚಿ ನೋಡದ ಗಂಡಸರು ಕಡಿಮೆ. ಕುಳ್ಳ ಆಳು, ಕತ್ತೇ ಇಲ್ಲವೇನೋ ಅನ್ನುವ ಹಾಗೆ ತಲೆ ಹೆಗಲ ಮೇಲೆ ಕೂತಿತ್ತು. ಬಲಗೈಯ ಕಿರುಬೆರಳು ಯಾರದೋ ದವಡೆಗೆ ಬಡಿದು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಊಟಕ್ಕೆ ಕೂತರೆ ಅದೊಂದು ಬೆರಳು ಮುದ್ದೆಗೆ ತಾಗದೆ ಹೊರಗೆ ನಿಂತಿರುತ್ತಿತ್ತು. ಯಾರ ದವಡೆ ಮಾವ ಅಂತ ಕೇಳಿದರೆ, "ನಂಗೆ ನೆನಪಿಲ್ಲ ಕಣಮ್ಮಣ್ಣಿ, ಅವನಿಗಿರ್ತದೆ" ಅನ್ನುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ನಾನು ಕೈಗೂಸಾಗಿದ್ದಾಗ ಅಪ್ಪ ಪ್ಲೇಗಿನಲ್ಲಿ ಹೋದರು. ಹೆಣ ಎತ್ತಿದ ದಿನವೇ ಮಾವ ಗಾಡಿ ಕಟ್ಟಿಕೊಂಡು ಬಂದು ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಬಂದ. ನನ್ನನ್ನು ಸ್ಕೂಲಿಗೆ ಹಾಕಿದವನೂ ಅವನೇ. ಹೆಣ್ಣು ಮಗಳಿಗೆ ಓದು ಯಾಕೆ ಅಂತ ಅರಳಿಕಟ್ಟೆಯಲ್ಲಿ ಒಬ್ಬ ನಕ್ಕನಂತೆ. ನಕ್ಕವನ ಎರಡು ಹಲ್ಲು ಆ ಕಟ್ಟೆಯ ಮೇಲೇ ಉಳಿದವು. ಆಮೇಲೆ ನಾನು ಬೆಂಗಳೂರಿನ ಹಾಸ್ಟೆಲಿಗೆ ಹೋದಾಗಲೂ ಊರಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ.

ಮಾವನ ಸಿಟ್ಟಿಗೂ ಒಂದು ನೇಮ ಇತ್ತು. ಮುಚ್ಚಿಟ್ಟ ಮಾತು ಅಂದರೆ ಅವನಿಗೆ ಆಗುತ್ತಿರಲಿಲ್ಲ. ಘಾಟಿಯ ದನಗಳ ಪರಿಷೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈ ಮೇಲೆ ಟವಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಅದುಮುತ್ತಾರೆ. ಬೆರಳು ಹಿಡಿದಿರುವವರೆಗೆ ವ್ಯಾಪಾರ ನಡೆಯುತ್ತಿದೆ ಅಂತ. ಕೈ ಬಿಟ್ಟರೆ ವ್ಯಾಪಾರ ಇಲ್ಲ, ನಿನ್ನ ದಾರಿ ನಿನಗೆ ಅಂತ. ಒಂದು ವರ್ಷ ದಲ್ಲಾಳಿಯೊಬ್ಬ ಮಾವನ ಬೆರಳಿಗೆ ಒಂದು ಬೆಲೆ ಹೇಳಿ, ಕೊಳ್ಳುವವನ ಬೆರಳಿಗೆ ಇನ್ನೊಂದು ಹೇಳಿದ. ಗೊತ್ತಾದ ಕೂಡಲೇ ಮಾವ ಅದೇ ಟವಲನ್ನು ಅವನ ಕುತ್ತಿಗೆಗೆ ಸುತ್ತಿ, ಸಗಣಿಯಲ್ಲಿ ಕೆಡವಿ, ಮೂಗಿನಿಂದ ರಕ್ತ ಬರುವವರೆಗೆ ಗುದ್ದಿದ. "ದೇವರು ಬಾಯಿ ಕೊಟ್ಟವ್ನೆ, ಬಾಯಲ್ಲಿ ಹೇಳ್ಲಾ" ಅನ್ನುತ್ತಲೇ ಗುದ್ದಿದ. ಅಷ್ಟು ಹೊತ್ತೂ ನಾನು ಹೋರಿಯ ಹಗ್ಗ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಯುದ್ಧ ಮುಗಿದ ಮರುವರ್ಷ ನನ್ನ ಬಿ.ಎಸ್ಸಿ. ಮುಗಿಯಿತು. ನಮ್ಮ ಪ್ರೊಫೆಸರು ಅಮೆರಿಕಾದ ಒಂದು ವಿಶ್ವವಿದ್ಯಾನಿಲಯಕ್ಕೆ ನನ್ನ ಪರವಾಗಿ ಬರೆದಿದ್ದರು. ಅಲ್ಲಿಂದ ಸೀಟು ಸಿಕ್ಕಿತು ಅಂತ ಉತ್ತರ ಬಂತು. ಹೋಗುವುದಾದರೆ ಹಣ ಎಲ್ಲಿಂದ? ಪ್ರೊಫೆಸರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಆ ಮಾತನ್ನೇ ನಾನು ಊರಿಗೆ ಬಂದು ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವನಿಗೆ ಒಪ್ಪಿಸಿದೆ.

ಸರ್ಕಾರದ ಸ್ಕಾಲರ್‌ಶಿಪ್ಪು ಒಂದು: ಅದನ್ನು ತೆಗೆದುಕೊಂಡರೆ ವಾಪಸು ಬಂದು ಸರ್ಕಾರದ ಕೆಲಸ ಮಾಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಆ ವರ್ಷದ್ದು ಆಗಲೇ ಗಂಡುಹುಡುಗರ ಪಾಲಾಗಿತ್ತು. ಎರಡನೆಯದು, ಚೆನ್ನಾಗಿ ಓದಿದವರಿಗೆ ವಿಶ್ವವಿದ್ಯಾನಿಲಯವೇ ಫೀಜು ಮಾಫಿ ಮಾಡುವುದು. ಅದು ನನಗೆ ಸಿಕ್ಕಿತ್ತು. "ಛತ್ರದ ಊಟ ಇದ್ದಂಗೆ. ಉಂಡು ಕೈ ಮುಗಿದು ಬರೋದು, ತಪ್ಪಿಲ್ಲ" ಅಂದ ಮಾವ. ಹಡಗಿನ ಖರ್ಚಿಗೆ ನಮ್ಮ ಜನದ ಸಂಘದವರು ಸಾಲ ಕೊಡುತ್ತಿದ್ದರು, ಜಮೀನಿರುವವರು ಯಾರಾದರೂ ಜಾಮೀನು ನಿಲ್ಲಬೇಕು. ಅದಕ್ಕೂ ತಲೆಯಾಡಿಸಿದ. ಇನ್ನು ಅಲ್ಲಿ ಊಟಕ್ಕೆ, ಬಾಡಿಗೆಗೆ? ಅಸಿಸ್ಟೆಂಟ್‌ಶಿಪ್ಪು ಅಂತ ಒಂದಿದೆ ಮಾವ, ಓದಿಕೊಂಡೇ ಅವರ ಪ್ರಯೋಗಶಾಲೆಯಲ್ಲಿ ಗಾಜಿನ ಸೀಸೆ ತೊಳೆದು, ಚಿಕ್ಕ ತರಗತಿಯವರಿಗೆ ಹೇಳಿಕೊಟ್ಟರೆ ಊಟ, ವಸತಿಗೆ ಆಗುವಷ್ಟು ಕೊಡುತ್ತಾರೆ ಅಂದೆ.

ಹಗ್ಗ ಕೆಳಗೆ ಬಿತ್ತು. ಕೆನ್ನೆಗೆ ಬಿದ್ದ ಏಟಿಗೆ ನಾನು ಗೋಡೆಗೆ ಹೋಗಿ ಬಡಿದುಕೊಂಡೆ. ಒಂದು ಕಿವಿ ಗುಂಯ್ ಅಂದಿತು, ಬಾಯಲ್ಲಿ ಉಪ್ಪು ಉಪ್ಪು ರಕ್ತ. ಜನ್ಮದಲ್ಲಿ ಅವನು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

"ನನ್ನ ಮನೆ ಹೆಣ್ಣು ಜೀತಕ್ಕೆ ಹೋಗ್ತದಾ?"

ಹೌದು, ಜೀತ ಅಂದುಕೊಂಡ. ಕೂಳಿಗಾಗಿ ಕಂಡವರ ಮನೆ ಪಾತ್ರೆ ತೊಳೆಯುವುದಕ್ಕೆ ನಮ್ಮ ಕಡೆ ಬೇರೆ ಹೆಸರೇ ಇರಲಿಲ್ಲ. ತಾತ ಮಾಡಿದ ಸಾಲಕ್ಕೆ ಮಾವನನ್ನು ಚಿಕ್ಕಂದಿನಲ್ಲೇ ಅನುಗೊಂಡನಹಳ್ಳಿಯ ಒಬ್ಬ ಜಮೀನ್ದಾರನ ಹತ್ತಿರ ಜೀತಕ್ಕೆ ಬಿಟ್ಟಿದ್ದರು. ಓಡಿ ಬಂದಾಗಲೆಲ್ಲ ಎಳೆದುಕೊಂಡು ಹೋಗಿ, ಕಂಬಕ್ಕೆ ಕಟ್ಟಿ ಬಾರುಕೋಲಿನಲ್ಲಿ ಬಾರಿಸುತ್ತಿದ್ದರಂತೆ. ಆ ಗೆರೆಗಳು ಬೆನ್ನಿನ ಮೇಲೆ ಕಡೆಯವರೆಗೂ ಇದ್ದವು. ಇದನ್ನೆಲ್ಲ ಅಮ್ಮ ನನ್ನ ಕೆನ್ನೆಗೆ ಅರಿಸಿನ ಹಚ್ಚುತ್ತಾ ಹೇಳಿದಳು. ನನಗೆ ಮಾತ್ರ ಅವನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಬೇಕಾದರೆ ಕೊಂದು ಹಾಕಲಿ, ಹೋಗೇ ಹೋಗುತ್ತೇನೆ ಅಂತ ಕೂಗಾಡಿದೆ. ಮಾವ ಹಟ್ಟಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ.

ಸುದ್ದಿ ಹೊಸಕೋಟೆ ಮುಟ್ಟಿತು. ಅಲ್ಲಿನ ಸಾಹುಕಾರ ಚನ್ನಪ್ಪ ನಮಗೆ ದೂರದ ನೆಂಟ. ಒಂದು ಬೆಳಿಗ್ಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತ. ಹುಡುಗಿ ಯಾರ ಸೀಸೆಯನ್ನೂ ತೊಳೆಯುವುದು ಬೇಡ, ಪೂರಾ ಖರ್ಚು ತನ್ನದು, ಓದಿ ಬಂದ ಮೇಲೆ ತನ್ನ ಮಗನಿಗೆ ಕೊಟ್ಟರಾಯಿತು ಅಂದ. ಆ ಮಗನ ಮೊದಲ ಹೆಂಡತಿ ಮೈತುಂಬ ಬರೆ ಹಾಕಿಸಿಕೊಂಡು ಬಾವಿಗೆ ಬಿದ್ದು ಸತ್ತಿದ್ದು ತಾಲ್ಲೂಕಿಗೇ ಗೊತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಸಾಹುಕಾರ ಹೆಗಲ ಮೇಲಿನ ಟವಲು ತೆಗೆದು ಮಾವನ ಕೈ ಮೇಲೆ ಹಾಕಿದ. ಎಷ್ಟು ಬೇಕೋ ಬೆರಳಲ್ಲೇ ಹೇಳು ಪಿಳ್ಳಣ್ಣ, ಹೊರಗಿನವರಿಗೆ ಯಾಕೆ ಗೊತ್ತಾಗಬೇಕು ಅಂದ.

ಮಾವ ಕೈ ಎಳೆದುಕೊಳ್ಳಲಿಲ್ಲ. "ನಡುವೆ ನಮ್ಮುಡುಗಿ ಬ್ಯಾಡ ಅಂದ್ರೆ?"

"ದುಡ್ಡು ಮುಟ್ಟಿದ ಮ್ಯಾಕೆ ಬ್ಯಾಡ ಅನ್ನೋದು ಎಲ್ಲೈತಪ್ಪಾ?" ಅಂತ ಸಾಹುಕಾರ ನಕ್ಕ.

ಮಾವ ತಲೆ ತಿರುಗಿಸದೆ ನನ್ನನ್ನು ಕೂಗಿದ. "ಅಮ್ಮಣ್ಣಿ, ಆ ಸೀಸೆ ತೊಳೆಯೋ ಕೆಲಸ. ಬ್ಯಾಡ ಅನ್ನಿಸಿದ್ರೆ ಬಿಟ್ಟು ಬರಬೌದಾ? ಹಿಡ್ಕೊಂಡು ಬಂದು ಕಟ್ತಾರಾ?"

"ಯಾರೂ ಕಟ್ಟಲ್ಲ ಮಾವ. ಸಂಬಳ ನಿಲ್ತದೆ, ಅಷ್ಟೇ."

"ಹಂಗಾದ್ರೆ ಅದಲ್ಲ ಕಣೋ ಚನ್ನಪ್ಪ ಜೀತ. ಇದು."

ಟವಲಿನ ಕೆಳಗೆ ಲಟಕ್ಕನೆ ಸದ್ದಾಯಿತು. ಸಾಹುಕಾರನ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು. ಎರಡು ಬೆರಳು ಮುರಿದಿದ್ದವು, ಮಾವ ಮೂರನೆಯದನ್ನು ಹುಡುಕುತ್ತಿದ್ದ. ಆಳುಗಳು ದೊಣ್ಣೆ ಬೀಸಿದರು. ಒಬ್ಬನ ಮೊಣಕೈಯನ್ನು ಮಾವ ಜಗಲಿಯ ಅಂಚಿಗೆ ಬಡಿದು ಹಿಂದಕ್ಕೆ ಮುರಿದ. ಇನ್ನೊಬ್ಬನ ದೊಣ್ಣೆ ನೇರ ಮಾವನ ದವಡೆಗೆ ಬಿತ್ತು. ಮಾವ ನೆಲಕ್ಕೆ ಬಿದ್ದ ಮೇಲೂ ಏಟು ಬೀಳುತ್ತಲೇ ಇತ್ತು. ಅಮ್ಮ ಒನಕೆ ಹಿಡಿದು ಓಡಿ ಬಂದ ಮೇಲೇ ನಿಂತಿದ್ದು. ಆ ದಿನ ಜಗಲಿಯ ರಕ್ತ ತೊಳೆದವಳು ನಾನೇ.

ಮಾವನ ಮೇಲೆ ಕೇಸಾಯಿತು. ನಾನು ಬೊಂಬಾಯಿಗೆ ಹೊರಡುವ ಹಿಂದಿನ ದಿನ ಮಾವ ಹೊಸಕೋಟೆಯ ಆಸ್ಪತ್ರೆಯಲ್ಲಿದ್ದ, ಬಾಗಿಲಲ್ಲಿ ಪೊಲೀಸಿನವನು. ಸಂಘದ ಸಾಲಕ್ಕೆ ಅಲ್ಲೇ ಮಲಗಿಕೊಂಡು ಜಾಮೀನಿನ ಹೆಬ್ಬೆಟ್ಟು ಒತ್ತಿದ್ದ. ದವಡೆಯನ್ನು ತಲೆಗೆ ಸೇರಿಸಿ ಬಟ್ಟೆಯಲ್ಲಿ ಕಟ್ಟಿದ್ದರು, ಮಾತಾಡುವಂತಿರಲಿಲ್ಲ. ನಾನು ಅಳತೊಡಗಿದೆ. ತಾನು ಹೊಡೆದಿದ್ದ ನನ್ನ ಕೆನ್ನೆಯನ್ನು ಸೊಟ್ಟ ಬೆರಳಿನಿಂದ ಒಂದು ಸಲ ಮುಟ್ಟಿದ. ಆಮೇಲೆ ದಿಂಬಿನ ಮೇಲಿದ್ದ ಟವಲು ಎಳೆದು ನನ್ನ ಕೈ ಮೇಲೆ ಹಾಕಿದ. ಅದರ ಕೆಳಗೆ ನನ್ನ ಐದೂ ಬೆರಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದ. ಬಹಳ ಹೊತ್ತು ಹಿಡಿದಿದ್ದು, ಕೈ ಬಿಟ್ಟ.

ಆ ಕೇಸಿನಲ್ಲಿ ಶಿಕ್ಷೆಯಾಗಿ ಅವನು ಜೈಲಿನಲ್ಲೇ ತೀರಿಹೋದ ಸುದ್ದಿ ಅಮೆರಿಕಾ ತಲುಪಿದಾಗ ನಾನು ಪ್ರಯೋಗಶಾಲೆಯ ತೊಟ್ಟಿಯ ಮುಂದೆ ನಿಂತಿದ್ದೆ. ಕೆಲಸ ಬಿಟ್ಟು ರೂಮಿಗೆ ಹೋಗಮ್ಮ, ಯಾರೂ ಏನೂ ಅನ್ನುವುದಿಲ್ಲ ಅಂದರು ಅಲ್ಲಿನ ಪ್ರೊಫೆಸರು. ಬಿಟ್ಟು ಹೋಗಬಹುದಿತ್ತು. ಅಳುತ್ತಳುತ್ತಲೇ ಕೊನೆಯ ಸೀಸೆಯವರೆಗೂ ತೊಳೆದಿಟ್ಟೆ.