ಸಾರಥಿ ಬಾಗಿಲು ಮುಚ್ಚಿದ ಪುಟ

ಗಿರಿಜಕ್ಕ, ಆ ಪುಸ್ತಕದ ಕೊನೆಯನ್ನು ನಾನು ನಿಮಗೆ ಸುಳ್ಳು ಓದಿದೆ. ಅಚ್ಚಾದದ್ದನ್ನು ಬಿಟ್ಟು, ಅಲ್ಲಿ ಇಲ್ಲದ್ದನ್ನು ಸೇರಿಸಿ, ಓದುವ ದನಿಯಲ್ಲೇ ಹೇಳಿಬಿಟ್ಟೆ — ನಿಮಗೆ ಕಾಣುವುದಿಲ್ಲ ಎಂಬ ಧೈರ್ಯದಿಂದ. ಮೂರು ವರ್ಷವಾಯಿತು. ದಿನಾ ಬೆಳಿಗ್ಗೆ ನಿಮ್ಮ ದನಿ ಕೇಳಿದಾಗಲೆಲ್ಲ ಇವತ್ತು ಹೇಳುತ್ತೇನೆ ಅಂದುಕೊಂಡು, ಹೇಳದೆ ಫೋನಿಟ್ಟಿದ್ದೇನೆ.

ನಮ್ಮ ಕೂಟಕ್ಕೆ ಹೊಸದಾಗಿ ಬಂದವರಿಗೂ ತಿಳಿಯಲಿ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ನೀವು ಸ್ವಲ್ಪ ಸಹಿಸಿಕೊಳ್ಳಬೇಕು ಅಕ್ಕ.

'ದೂರನೌಕೆ' ಟಿವಿಯಲ್ಲಿ ಬರುತ್ತಿದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಟ್ಟಿನ ಗೋಡೆಯ ನೌಕೆ, ಗೋಡೆ ತುಂಬಾ ಮದುವೆಮನೆಯ ಸೀರಿಯಲ್ ಲೈಟು. ಆದರೂ ಅದು ಬರುವ ಹೊತ್ತಿಗೆ ಕರೆಂಟು ಹೋದರೆ ನಾನು ಅತ್ತುಬಿಡುತ್ತಿದ್ದೆ. ಅದು ನಿಂತದ್ದೂ ಅರ್ಧಕ್ಕೇ. ನಾಯಕಿ ಅರುಂಧತಿ ರಿಪೇರಿಗೆಂದು ನೌಕೆಯ ಹೊರಗೆ ಹೋಗುತ್ತಾಳೆ, ಅವಳ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ — ಅಷ್ಟೆ, ಮುಂದಿನ ವಾರದಿಂದ ಬೇರೆ ಏನೋ ಶುರುವಾಯಿತು. ಆದರೆ ಅದರ ಹೆಸರಿನಲ್ಲಿ ಬರತೊಡಗಿದ್ದ ಕಾದಂಬರಿಗಳು ನಿಲ್ಲಲಿಲ್ಲ. ಬರೆಯುವವರು ಬದಲಾದರು, ಕಾಗದ ತೆಳುವಾಯಿತು, ಪುಸ್ತಕ ಮಾತ್ರ ಇವತ್ತಿಗೂ ಬರುತ್ತಲೇ ಇದೆ.

ಅದನ್ನು ಓದುವ ಹುಚ್ಚರು ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಸೇರಿ ಒಂದು ಹಿಡಿಯಷ್ಟು ಜನ ಇದ್ದೇವೆ. ಹೊಸ ಪುಸ್ತಕ ಮೊದಲು ಸಾಗರಕ್ಕೆ ಬರುತ್ತದೆ. ನಾನು ಓದಿ ಬಸ್ಸಿನ ಕಂಡಕ್ಟರ್ ಕೈಲಿ ಹೊಸನಗರಕ್ಕೆ ಕಳಿಸುತ್ತೇನೆ, ಅಲ್ಲಿಂದ ಅದು ತೀರ್ಥಹಳ್ಳಿಗೆ ಹೋಗುತ್ತದೆ. ಮೂರೂ ಊರಿನವರು ಓದಿ ಮುಗಿಸುವವರೆಗೆ ಕೊನೆಯ ಬಗ್ಗೆ ವಾಟ್ಸ್ಯಾಪಿನಲ್ಲಾಗಲಿ ಎದುರಾಬದುರಾಗಲಿ ಯಾರೂ ಬಾಯಿ ಬಿಡುವಂತಿಲ್ಲ. ಆಮೇಲೆ ಎಲ್ಲರೂ ಕೂತು ಅಭಿಪ್ರಾಯ ಹೇಳುವುದು. ಪುಸ್ತಕ ಯಾರ ಕೈಲಿದೆಯೋ ಅವರದೇ ಮಾತು. ಅವರು ಪಕ್ಕದವರಿಗೆ ದಾಟಿಸುವವರೆಗೆ ಉಳಿದವರು ಸುಮ್ಮನಿರಬೇಕು. ಈ ಎರಡೂ ನಿಯಮ ಮಾಡಿದ್ದು ಹೊಸನಗರದ ಗಿರಿಜಕ್ಕನೇ. ಮೂವತ್ತು ವರ್ಷ ಪಾಠ ಮಾಡಿದ ಟೀಚರು, ಇನ್ನೇನು ಮಾಡಿಯಾರು!

ಅಭಿಪ್ರಾಯ ಅಂದರೆ ಅವರದೇ ಅಭಿಪ್ರಾಯ. ಹೊಸ ಲೇಖಕರು ಬಂದಾಗ ನಾವೆಲ್ಲ ಕುಣಿದಾಡಿದರೆ ಅವರೊಬ್ಬರೇ, "ಇವ್ರಿಗೆ ನೌಕೆ ಗೊತ್ತಿಲ್ಲ ಮಾರಾಯ. ಬರೀ ಪ್ರೇಮಪತ್ರ ಬರ್ಸ್ತಿದ್ದಾರೆ ಎಲ್ರ ಕೈಲೂ" ಎಂದಿದ್ದರು. ಮತ್ತೆ ಓದಿ ನೋಡಿದರೆ ಹೌದು, ಹಾಗೇ ಇತ್ತು. ತೀರ್ಥಹಳ್ಳಿಯಲ್ಲಿ ಬೇಕರಿ ಇಟ್ಟಿರುವ ಶ್ರೀಪಾದ ಯಾರ ಮಾತಿಗೂ ಸೊಪ್ಪು ಹಾಕುವವನಲ್ಲ. ಅವನೂ ಟೀಚರು ಏನನ್ನುತ್ತಾರೆ ಎಂದು ಕಾಯುತ್ತಿದ್ದ.

ನನಗೂ ಅವರಿಗೂ ಇದ್ದದ್ದು ಒಂದೇ ಜಗಳ — ಆ ಬಾಗಿಲು ಮುಚ್ಚಿದ್ದು ಯಾರು? ನೌಕೆ ನಡೆಸುವ ಯಂತ್ರದ ಹೆಸರು ಸಾರಥಿ. ಅದೇ ಬೇಕೆಂದು ಮುಚ್ಚಿದ್ದು ಎಂದು ಅಕ್ಕ. ಯಂತ್ರಕ್ಕೆ ದ್ವೇಷ ಎಲ್ಲಿಂದ ಬರಬೇಕು ಎಂದು ನಾನು. "ದ್ವೇಷ ಅಲ್ವೋ, ಹೆದ್ರಿಕೆ. ಒಳಗಿದ್ದವ್ರನ್ನ ಉಳಿಸ್ಬೇಕಿತ್ತು ಅದಕ್ಕೆ. ಒಂದಲ್ಲ ಒಂದಿನ ತಾನೇ ಒಪ್ಕೊಳ್ಳುತ್ತೆ ನೋಡು" ಎನ್ನುತ್ತಿದ್ದರು. ವರ್ಷಗಟ್ಟಲೆ ನಡೆಯಿತು ಈ ಜಗಳ. ಎಲ್ಲರಿಗೂ ಅದು ತಮಾಷೆ, ನನಗೆ ಮಾತ್ರ ಒಳಗೊಳಗೇ... ಪಿಯುಸಿಯಲ್ಲಿ ನಪಾಸಾಗಿ ಅಪ್ಪನ ಕನ್ನಡಕದ ಅಂಗಡಿಯಲ್ಲಿ ಕೂತವನು ನಾನು. ಒಂದೇ ಒಂದು ವಿಷಯದಲ್ಲಿ ಒಬ್ಬ ಟೀಚರಿಗಿಂತ ನಾನು ಸರಿ ಎಂದು ಆಗಬೇಕಿತ್ತು ನನಗೆ.

ಅವರ ಕಣ್ಣು ಹೋಗುತ್ತಿರುವುದು ಮೊದಲು ಗೊತ್ತಾಗಿದ್ದೂ ನನ್ನ ಅಂಗಡಿಯಲ್ಲೇ. ಯಾವ ಗಾಜು ಹಾಕಿದರೂ ಅಕ್ಷರ ಮೂಡಲಿಲ್ಲ. ನೋಟದ ನಡುಭಾಗ ಅಳಿಸಿಹೋಗಿತ್ತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಎದುರಿಗಿರುವವರನ್ನು ನೋಡಬೇಕಾದರೆ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಇನ್ನು ಓದಲಾಗುವುದಿಲ್ಲವಲ್ಲ ಎಂದು ಅವರು ಕುರ್ಚಿಯಲ್ಲಿ ಕೂತೇ ಅತ್ತರು. ನಾನು ಓದಿ ಹೇಳುತ್ತೇನೆ ಅಂದೆ. ಅವತ್ತು ಹಾಗಂದದ್ದು ನಿಜವಾದ ಪ್ರೀತಿಯಿಂದಲೇ, ಅಕ್ಕ. ಅದನ್ನು ನೀವು ನಂಬಬೇಕೆಂದು ಕೇಳುವ ಮುಖ ನನಗಿಲ್ಲ.

ಬೆಳಿಗ್ಗೆ ಅಂಗಡಿಯ ಶಟರ್ ಪೂರ್ತಿ ಎತ್ತುವ ಮೊದಲು ಫೋನಿನಲ್ಲಿ ಒಂದೊಂದೇ ಅಧ್ಯಾಯ ಓದುತ್ತಿದ್ದೆ. ಹಾಗೆ ಎಷ್ಟೋ ಪುಸ್ತಕ ಮುಗಿಸಿದೆವು. ಆಮೇಲೆ ಬಂತು ಆ ಪುಸ್ತಕ.

ಕೊನೆಯ ಅಧ್ಯಾಯದಲ್ಲಿ ಸಾರಥಿ ಎಲ್ಲರನ್ನೂ ಕರೆದು ಹೇಳುತ್ತದೆ — ಬಾಗಿಲು ಮುಚ್ಚಿದ್ದು ನಾನೇ, ತಿಳಿದೇ ಮುಚ್ಚಿದೆ, ನನಗೆ ಹೆದರಿಕೆಯಾಗಿತ್ತು. ಗಿರಿಜಕ್ಕ ಹೇಳಿದ ಹಾಗೆಯೇ, ಹೆಚ್ಚುಕಡಿಮೆ ಅವರದೇ ಮಾತಿನಲ್ಲಿ. ಮುಂಚೆಯೇ ಓದಿಕೊಂಡಿದ್ದ ನನಗೆ ಹೊಟ್ಟೆ ಉರಿಯಿತು. ಮಾರನೆಯ ದಿನ ಫೋನಿನಲ್ಲಿ ಆ ಪುಟಕ್ಕೆ ಬಂದಾಗ ನನ್ನ ಬಾಯಿಂದ ಬೇರೆಯೇ ಕಥೆ ಹೊರಟಿತು. ಉಲ್ಕೆಯ ಚೂರು ಬಡಿದು ತಂತಿ ಕಡಿಯಿತು ಅಂದೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಅದನ್ನು ತೆಗೆಯಲು ಸಾರಥಿ ಪಡಬಾರದ ಪಾಡು ಪಟ್ಟಿತು ಅಂದೆ. ಒಂದು ಕಡೆಯೂ ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಓದಿರಲಿಲ್ಲ.

ಆ ಕಡೆಯಿಂದ ಅಕ್ಕ, "ಹಂಗಾದ್ರೆ ನೀನೇ ಗೆದ್ದೆ ಬಿಡು ಮಾರಾಯ" ಅಂದರು, ಎಷ್ಟು ಸಂತೋಷದಿಂದ ಅಂದರು! ಸಂಜೆ ಫೋನು ಮಾಡಿ ತಮಾಷೆ ಮಾಡಿದೆ ಎಂದು ಹೇಳಿಬಿಡೋಣ ಅಂದುಕೊಂಡೆ. ಆದರೆ ಆ ಗೆಲುವನ್ನು ಒಂದು ದಿನ ಇಟ್ಟುಕೊಳ್ಳುವ ಆಸೆ. ಒಂದು ದಿನ ಅನ್ನುವುದು ಎಷ್ಟೋ ದಿನವಾಯಿತು. ನಿಯಮ ಇತ್ತಲ್ಲ, ಅವರೆದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಕಣ್ಣು ಹೀಗಾದ ಮೇಲೆ ಅವರು ಬಸ್ಸು ಹತ್ತಿ ಕೂಟಕ್ಕೆ ಬರುವುದಿಲ್ಲ ಎಂದೂ ಲೆಕ್ಕ ಹಾಕಿದ್ದೆ.

ಬಂದರು. ಸಾಗರದ ಹೋಟೆಲಿನ ಮೇಲಿನ ಕೋಣೆಗೆ, ಸೊಸೆ ವೀಣಾಳ ಕೈ ಹಿಡಿದುಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು. ಪುಸ್ತಕ ಮೊದಲು ಅವರ ಕೈಗೇ ಕೊಟ್ಟರು. ಎದ್ದು ನಿಂತು ಹೇಳಿದರು: "ಇಷ್ಟು ವರ್ಷ ಸಾರಥಿ ಮೇಲೆ ಅನುಮಾನ ಪಟ್ಟಿದ್ದು ನನ್ದೇ ತಪ್ಪು. ಪಾಪ, ಅದೆಂತ ಮಾಡಿತ್ತು! ಸುರೇಶ ಹೇಳಿದ್ದೇ ಸರಿ, ನಾನು ಸೋತೆ." ಆಮೇಲೆ ಉಲ್ಕೆಯ ಚೂರು, ಕಡಿದ ತಂತಿ... ಎಲ್ಲವನ್ನೂ ವಿವರವಾಗಿ ವರ್ಣಿಸಿದರು. ಪುಸ್ತಕ ಅವರ ಕೈಲಿತ್ತು, ಹಾಗಾಗಿ ಯಾರೂ ತಡೆಯಲಿಲ್ಲ. ಅವರು ಮಾಡಿದ ನಿಯಮಕ್ಕೆ ಬಾಗಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾ ಕೂತರು. ನಾನು ಕಾಫಿ ಲೋಟ ನೋಡುತ್ತಿದ್ದೆ.

ಪುಸ್ತಕ ಕೈ ದಾಟಿದ್ದೇ ತಡ, ಶ್ರೀಪಾದ ನಕ್ಕುಬಿಟ್ಟ. "ಎಂತ ಟೀಚರೇ, ಯಾವ ಪುಸ್ತಕ ಕೇಳಿದ್ರಿ ನೀವು? ಸಾರಥಿ ಒಪ್ಕೊಳ್ತದಲ್ಲ ಕೊನೇಲಿ!" ಪುಟ ತೆಗೆದು ಜೋರಾಗಿ ಓದಿದ. ಉಳಿದವರೂ ನಕ್ಕರು. ಕೆಟ್ಟ ನಗುವಲ್ಲ ಅದು. ಆದರೂ ನಗು ನಗುವೇ.

ಗಿರಿಜಕ್ಕ ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಅಂಚಿನಲ್ಲಿ ನನ್ನನ್ನು ಹುಡುಕಿದರು. "ಸುರೇಶ, ನೀನು ಓದಿದ್ದು ಹೀಗಿರ್ಲಿಲ್ಲ ಅಲ್ವನಾ?"

ಆಗ ಹೇಳಬಹುದಿತ್ತು. ಎಲ್ಲರೂ ನನಗೆ ನಾಲ್ಕು ಬೈದು ಮತ್ತೊಂದು ಕಾಫಿ ತರಿಸಿ ಮರೆಯುತ್ತಿದ್ದರು, ಅಷ್ಟೇ ಆಗುತ್ತಿದ್ದದ್ದು. ಆದರೆ ನಾನಂದೆ: "ಇದ್ದದ್ದನ್ನೇ ಓದಿದ್ದು ಅಕ್ಕ. ನಿಮಗೆ ಮರ್ತಿರ್ಬೇಕು."

ನಗು ನಿಂತುಹೋಯಿತು. ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಗುರುತು ಹಿಡಿಯುತ್ತಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಅಂದೆನೋ, ಅಂದ ಮೇಲೆ ನೆನಪಾಯಿತೋ — ಎಷ್ಟು ಕೆದಕಿದರೂ ಇದಕ್ಕೆ ಉತ್ತರ ಸಿಕ್ಕಿಲ್ಲ. "ಹೌದಾ... ಇರ್ಬಹುದು" ಎಂದು ಅವರು ಕೂತರು. ಆಮೇಲೆ ಕೂಟಕ್ಕೆ ಬರಲಿಲ್ಲ, ಅಭಿಪ್ರಾಯವನ್ನೂ ಕಳಿಸಲಿಲ್ಲ. ಮಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ವಯಸ್ಸಿಗೆ ತಕ್ಕಂತಿದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದರೂ ಅವರು ನಂಬಲಿಲ್ಲ. ನಂಬುವುದಾದರೂ ಹೇಗೆ? ಅವರ ನೆನಪಿಗೆ ವಿರುದ್ಧವಾಗಿ ಸಾಕ್ಷಿ ಹೇಳಿದವನು ನಾನಿದ್ದೆನಲ್ಲ.

ಓದುವುದು ಮಾತ್ರ ನಿಲ್ಲಲಿಲ್ಲ. ಆದರೆ ಅಂದಿನಿಂದ ಪ್ರತಿ ಅಧ್ಯಾಯ ಮುಗಿದ ಮೇಲೆ ಅವರು ಅಷ್ಟನ್ನೂ ನನಗೆ ತಿರುಗಿ ಒಪ್ಪಿಸುತ್ತಾರೆ, ಶಾಲೆಯ ಮಕ್ಕಳ ಹಾಗೆ. ಯಾರು ಎಲ್ಲಿಗೆ ಹೋದರು, ಏನಂದರು, ಒಂದೂ ಬಿಡದೆ. ಕೊನೆಗೆ, "ಸರಿ ಇದ್ಯಾ?" ಎಂದು ಕೇಳುತ್ತಾರೆ. ಸರಿ ಇದೆ ಅಕ್ಕ, ಎನ್ನುತ್ತೇನೆ. ಒಂದು ದಿನವೂ ತಪ್ಪಿಲ್ಲ ಅವರು. ಫೋನಿಟ್ಟ ಮೇಲೆ ಅರ್ಧ ಎತ್ತಿದ ಶಟರಿನ ಒಳಗೆ ಕೂತು, ನಾನು ಯಾಕೆ ಹುಟ್ಟಿದೆ ಅನ್ನಿಸುತ್ತದೆ ನನಗೆ.

ಹೋದ ವಾರ ವೀಣಾ ಅಂಗಡಿಗೆ ಬಂದಿದ್ದಳು, ಕನ್ನಡಕದ ಕಾಲು ಕಳಚಿತ್ತು. ಮಗು ಹೇಗಿದೆ ಎಂದು ಕೇಳಿದೆ. ಅಜ್ಜಿಗೆ ಆಟ ಆಡಿಸುವುದೇ ಕೆಲಸವಾಗಿರಬೇಕು ಎಂದು ತಮಾಷೆಯನ್ನೂ ಮಾಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ಅತ್ತೆ ಮಗೂನ ಎತ್ಕೊಳ್ಳೋದೇ ಇಲ್ಲ ಸುರೇಶಣ್ಣ. ಎಲ್ಲಾದ್ರೂ ಇಟ್ಟು ಮರ್ತುಬಿಟ್ರೆ ಅಂತಾರೆ. ದೂರ ಕೂತ್ಕೊಂಡು ಅದರ ಸದ್ದು ಕೇಳ್ತಿರ್ತಾರೆ." ನಾನು ಆ ಕಾಲಿಗೆ ಸ್ಕ್ರೂ ಹಾಕಲು ನೋಡಿದೆ. ಆಗಲಿಲ್ಲ, ನಾಳೆ ಕೊಡುತ್ತೇನೆ ಎಂದು ಕಳಿಸಿದೆ.

ಈ ಸಲದ ಕೂಟ ನಿಮ್ಮ ಮನೆಯಲ್ಲೇ ಆಗಲಿ ಎಂದು ವೀಣಾಳನ್ನು ಒಪ್ಪಿಸಿದ್ದು ನಾನೇ. ಅದಕ್ಕೇ ಇದನ್ನು ಬರೆದು ತಂದಿದ್ದೇನೆ. ಬರೆಯದೆ ಹೇಳಹೊರಟರೆ ನಡುವೆ ಎಲ್ಲೋ ನನ್ನನ್ನು ಉಳಿಸಿಕೊಳ್ಳುತ್ತೇನೆ, ನನಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ. ಓದುತ್ತಿರುವುದು ನಾನಾದ್ದರಿಂದ ನೀವು ನಂಬಬೇಕಾಗಿಲ್ಲ. ಇದರ ಇನ್ನೊಂದು ಪ್ರತಿ ಶ್ರೀಪಾದನ ಕೈಲಿದೆ, ಅವನು ನಿಮ್ಮ ಪಕ್ಕದಲ್ಲೇ ಕೂತು ಒಂದೊಂದು ಸಾಲಿಗೂ ಬೆರಳಿಟ್ಟು ನೋಡುತ್ತಿದ್ದಾನೆ. ಒಂದು ಮಾತು ಬಿಟ್ಟರೂ ನನ್ನನ್ನು ನಿಲ್ಲಿಸುತ್ತಾನೆ. ಕ್ಷಮಿಸಿ ಎಂದು ಕೇಳುವುದಿಲ್ಲ ಅಕ್ಕ. ನಾಳೆಯಿಂದ ಶ್ರೀಪಾದ ನಿಮಗೆ ಓದುತ್ತಾನೆ. ನೀವು ಯಾರಿಗೂ ಏನನ್ನೂ ತಿರುಗಿ ಒಪ್ಪಿಸಬೇಕಾಗಿಲ್ಲ.

ಬಾಗಿಲು ಮುಚ್ಚಿದ್ದು ಸಾರಥಿಯೇ. ನೀವು ಮೊದಲ ದಿನದಿಂದ ಹೇಳಿದ್ದು ಸರಿ. ನಾನು ಉಲ್ಕೆಯ ಕಥೆ ಹೇಳಿದ್ದು ಹೌದು, ನೀವು ಅದನ್ನು ಕೇಳಿದ್ದೂ ಹೌದು. ನಿಮಗೆ ಏನೂ ಮರೆತಿಲ್ಲ ಅಕ್ಕ. ವೀಣಾ, ಮಗುವನ್ನು ಅವರ ತೊಡೆಯ ಮೇಲೆ ಮಲಗಿಸು.